ಎಡಗೈ

ದ್ರಾಕ್ಷಾಯಣಿ ಸೋಮವಾರ ಟಿಸಿ ತಗೊಂಡ್ಲು.
ಗದಗಿನಿಂದ ಧಾರವಾಡ, ಎರಡು ತಾಸಿನ ಬಸ್ಸು.
ಮಂದಿ ಮಾತ್ರ ದೇಶಾನ ಬಿಟ್ಲು ಅನ್ನೂಹಂಗ ಮಾತಾಡಿದ್ರು.

ಹುಯಿಲಗೋಳ ಸರ್ ಸೀಟಿ ಕಿಸೇದಾಗ ಇಟಗೊಂಡು
ಉಂಡ ಮನಿ ಜಂತಿ ಎಣಿಸಿದ್ಲು ಅಂದ್ರು.
ಉಂಡದ್ದೇನು ಸರ್, ಮ್ಯಾಚಿನ ದಿನ ಎರಡು ಬಾಳಿಹಣ್ಣು,
ಗೆದ್ರ ಒಂದು ಪ್ಲೇಟ್ ಗಿರ್ಮಿಟ್?
ಕೇಳಲಿಲ್ಲ ನಾನು. ಮ್ಯಾಟ್ ಸುತ್ತಿದೆ.

ಅಲ್ಲಿ ಹಾಸ್ಟೆಲ್ ಪುಕ್ಕಟೆ, ದಿನಾ ನಾಲ್ಕು ತತ್ತಿ,
ಕಾಲು ಉಳುಕಿದ್ರ ನೋಡಾಕ ಒಬ್ಬ ಡಾಕ್ಟರು.
ಹೋಗದಿದ್ರ ಹುಚ್ಚಿ ಅಂತಿದ್ದೆ.
ಹೋದ್ಲು, ಮೋಸಗಾತಿ ಅಂದೆ.
ಎರಡೂ ಖರೇನ.

ಎರಡು ವರ್ಷ ಅಕಿ ಬಲಗೈ ನನ್ನ ಎಡಗೈಯಾಗ.
ರೇಡರ್ ಒಳಗ ಬಂದಾಗ
ಕಿರುಬೆರಳು ಒಮ್ಮಿ ಒತ್ತಿದ್ರ ತಡಿ,
ಎರಡು ಸಲ ಒತ್ತಿದ್ರ ಬೀಳು.
ಈಗ ಆ ಮೂಲ್ಯಾಗ ಹೊಸಾ ಹುಡುಗಿ,
ಅಂಗೈ ಭಾಳ ಬೆವರತೈತಿ,
ಬೆರಳಿಗೆ ಇನ್ನೂ ಮಾತು ಬಂದಿಲ್ಲ.

ಫೆಬ್ರುವರಿಗೆ ಯುನಿವರ್ಸಿಟಿ ಪಂದ್ಯ.
ಬ್ಯಾರೆ ಬಣ್ಣದ ಅಂಗಿ ಹಾಕ್ಕೊಂಡು
ಉಸಿರು ಬಿಗಿಹಿಡಿದು ಬರ್ತಾಳ ನಮ್ಮ ಅಂಗಳಕ್ಕ.
ನನ್ನ ಬಲಮೊಣಕಾಲು ತಡಾ ಮಾಡ್ತೈತಿ ಅನ್ನೂದು
ನಮ್ಮವ್ವಗೂ ಗೊತ್ತಿಲ್ಲ, ಅಕಿಗೆ ಗೊತ್ತು.
ಮುಟ್ಟಲಿ. ಗೆರಿ ದಾಟೂದರಾಗ
ಅಕಿ ಎಡಕ್ಕ ವಾಲತಾಳ ಅನ್ನೂದು ನನಗೂ ಗೊತ್ತು.

ಇನ್ನೊಂದು ಹೇಳ್ತೇನಿ, ಯಾರ ಮುಂದೂ ಹೇಳಿಲ್ಲ.
ಬೆಟಗೇರಿ ಮ್ಯಾಚಿನ ದಿನ
ಧಾರವಾಡದ ಸರ್ ಕಟ್ಟಿಮ್ಯಾಲೆ ಕುಂತಿದ್ರು.
ನಮ್ಮಿಬ್ಬರನ್ನೂ ಕರೆದು ಎತ್ತರ ಕೇಳಿದ್ರು,
ತೂಕ ಕೇಳಿದ್ರು, ಊರು ಕೇಳಿದ್ರು,
ಒಂದ ಹೆಸರು ಬರಕೊಂಡ್ರು.