ಸೊನ್ನೆಯೇ ಸೂರು

ಡಲೂತ್ ಊರಿನಲ್ಲಿ ಜನವರಿಯ ಶುಕ್ರವಾರ.
ಬಾರಿನ ಹಿಂಬಾಗಿಲಿಗೆ ಮೊಳೆ ಹೊಡೆದ ತಾಪಮಾಪಕ
ಸೊನ್ನೆ ತೋರಿಸುತ್ತಿತ್ತು. ಫ್ಯಾರನ್‌ಹೀಟಿನ ಸೊನ್ನೆ.
ನನ್ನ ಲೆಕ್ಕಕ್ಕೆ ಅದು ಮೈನಸ್ ಹದಿನೆಂಟು.
ಲೆಕ್ಕ ಎರಡಿದ್ದರೂ ಮರಗಟ್ಟುವ ಮೂಗು ಒಂದೇ.

ಮೊದಲೆಲ್ಲ ಇಲ್ಲಿಗೆ ನಾನು ಹೊತ್ತು ತರುತ್ತಿದ್ದದ್ದು
ಅಕ್ಕಿ ಮೂಟೆಯಷ್ಟು ತೂಕದ ಆಂಪ್ಲಿಫೈಯರು.
ಗಾಜಿನ ವಾಲ್ವುಗಳು ಕಾಯಬೇಕು, ನಾವೂ ಕಾಯಬೇಕು.
ಆಮೇಲೆ ಎಷ್ಟು ಬಾರಿಸಿದರೂ ಬೇಸರವಿಲ್ಲ ಅದಕ್ಕೆ,
ಹೆಚ್ಚಾದದ್ದನ್ನು ಬೆಲ್ಲದ ಪಾಕದ ಹಾಗೆ
ಅಂಚಿನಲ್ಲಿ ಬಾಗಿಸಿ ಕೊಡುತ್ತಿತ್ತು.
ಈಗ ಕಾಲ ಬುಡದಲ್ಲಿ ಊಟದ ಡಬ್ಬಿಯಷ್ಟು ಪೆಟ್ಟಿಗೆ.
ಒಳಗೆ ನಲವತ್ತು ಆಂಪುಗಳು ಮಲಗಿವೆ,
ಒಂದರ ಮೈಯೂ ಬಿಸಿಯಿಲ್ಲ.

ಈ ಪೆಟ್ಟಿಗೆಯ ಲೋಕದಲ್ಲಿ ಸೊನ್ನೆಯೇ ಸೂರು.
ಸದ್ದುಗಳೆಲ್ಲ ಅದರ ಕೆಳಗೆ, ಮೈನಸ್ಸಿನಲ್ಲೇ ಸಂಸಾರ.
ಮೀರಿ ತಲೆ ಎತ್ತಿದರೆ ಬಾಗಿಸುವವರಿಲ್ಲ,
ನೆತ್ತಿ ಕತ್ತರಿಸಿ ಕಳಿಸುತ್ತದೆ.

"ಕರಕರ ಅಂತಿದೆ," ಎಂದಳು ಡಾಗ್ನಿ, ಮಿಕ್ಸರಿನ ಹಿಂದಿನಿಂದ.
"ಇಲ್ಲಿ ಎಲ್ಲ ಹಸಿರು. ಕೆಂಪು ನಿನ್ನಲ್ಲಿದೆ, ಮ್ಯಾಂಡಿ."
ಮಂದಾಕಿನಿ ಈ ಊರ ಬಾಯಲ್ಲಿ ಸವೆದು ಮ್ಯಾಂಡಿ,
ನನ್ನ ಕಿವಿಗೆ ಸದಾ ಮಂಡಿ.
ಔಟ್‌ಪುಟ್ಟಿನ ಗುಂಡಿಯನ್ನು ಅರ್ಧಕ್ಕೆ ಇಳಿಸಿದೆ.
ದೀಪ ಆರಿತು, ಕರಕರ ಆರಲಿಲ್ಲ.
ಸೀದ ಅನ್ನವನ್ನು ಚಿಕ್ಕ ತಟ್ಟೆಗೆ ಬಡಿಸಿದ ಹಾಗೆ,
ತುತ್ತು ಕಡಿಮೆ, ವಾಸನೆ ಅದೇ.

ಹೆಸರಿಗೆ ತಕ್ಕಂತೆ ಮಂಡಿಯೂರಿ
ಕೊನೆಯಿಂದ ಮೊದಲಿಗೆ ಹುಡುಕಿದೆ.
ರಿವರ್ಬು. ಡಿಲೇ. ಅದರ ಹಿಂದೆ ಈಕ್ಯೂ,
ನಡುವಿನ ಪಟ್ಟಿ ಆರು ಮೇಲಿದೆ, ಯಾರು ಏರಿಸಿದ್ದು?
ಆಂಪಿನ ಲೆವೆಲ್ಲು ನಾಲ್ಕು. ಬೂಸ್ಟು ಇನ್ನೂ ಐದು.
ಒಬ್ಬರ ಹೆಗಲ ಮೇಲೊಬ್ಬರು ಹತ್ತಿ
ಸೂರಿಗೆ ತಲೆ ಗುದ್ದಿಕೊಳ್ಳುತ್ತಿದ್ದಾರೆ.

ಆಗ ಹೊಳೆಯಿತು.
ಆರ್ವೋ ಕಿನ್ನುನೆನ್, ನಮ್ಮ ಬೇಸ್ ಗಿಟಾರಿನವನು,
ಮೂವತ್ತೊಂದು ವರ್ಷ ಅದಿರಿನ ಕಟ್ಟೆಯಲ್ಲಿ ದುಡಿದವನು.
ಕಬ್ಬಿಣದ ಉಂಡೆಗಳು ಹಡಗಿನ ಹೊಟ್ಟೆಗೆ ಸುರಿಯುವಾಗ
ಪಕ್ಕದಲ್ಲೇ ನಿಂತು ಸಿಗರೇಟು ಹಚ್ಚಿದವನು.
ವಾರವಾರವೂ ಬಾಗಿ ಹೇಳುತ್ತಿದ್ದ:
"ನೀನು ಕೇಳಿಸ್ತಾ ಇಲ್ಲ. ಇನ್ನೊಂದು ಚೂರು."
ಇನ್ನೊಂದು ಚೂರು ಕೊಟ್ಟೆ. ಸಿಕ್ಕಿದ ಗುಂಡಿಯಲ್ಲಿ,
ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ.
ಅವನಿಗೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎಲ್ಲವನ್ನೂ ಇಳಿಸಿದೆ.
ಕೈಲಾದಷ್ಟು ಜೋರಾಗಿ ಆರೂ ತಂತಿ ಹೊಡೆದು
ಮೊದಲ ಬಾಗಿಲಿಂದಲೇ ಅಳೆಯುತ್ತ ಬಂದೆ,
ಮೀಟರು ಮೈನಸ್ ಹದಿನೆಂಟರ ಸುತ್ತ ತೂಗಾಡುವವರೆಗೆ.
"ಹೊರಗಿನಷ್ಟೇ ಚಳಿ," ಎಂದೆ.
ಡಾಗ್ನಿ ನಗಲಿಲ್ಲ, ಅವಳದು ಫ್ಯಾರನ್‌ಹೀಟು.
ಮೇಲೆ ಹದಿನೆಂಟು ಮೆಟ್ಟಿಲು ಖಾಲಿ.
ಪೋಲಾಯಿತೆಂದು ಮನಸ್ಸು ಹಳಹಳಿಸಿತು,
ಬಾಡಿಗೆ ಮನೆಯಲ್ಲಿ ಬೀಗ ಹಾಕಿಟ್ಟ ಕೋಣೆ ನೋಡಿದಂತೆ.
ಆಮೇಲೆ ಒಂದು ಸ್ವರ ಗಕ್ಕನೆ ಎದ್ದು ನಿಂತಿತು,
ತಲೆ ತಾಗಲಿಲ್ಲ.

"ದೊಡ್ಡದು ಮಾಡೋದು ನನ್ನ ಕೆಲಸ," ಎಂದು
ಡಾಗ್ನಿ ತನ್ನ ಫೇಡರು ಮೇಲಕ್ಕೆ ದೂಡಿದಳು.
ತಂತಿಯ ಮೇಲೆ ಬೆರಳು ಜಾರುವ ಸದ್ದೂ ಬಂತು,
ಎರಡು ವರ್ಷದಿಂದ ಅದು ಎಲ್ಲಿತ್ತೋ.
ಮತ್ತೆ ಆರ್ವೋನ ಎದುರು ಹೋಗಿ, ಎಲ್ಲರ ಮುಂದೆ,
"ಯಾವ ಕಿವಿ?" ಎಂದಳು, ಯಾವ ಸೈಜಿನ ಶೂ ಎಂಬಂತೆ.
ಅವನು ಶ್ರುತಿ ಮಾಡುವವನ ಹಾಗೆ ಬಗ್ಗಿದ.
ಆಮೇಲೆ ಎಡಗಿವಿ ಮುಟ್ಟಿ, "ಇದು ಇದೆ," ಎಂದ.
ಎಡಕ್ಕೊಂದು ಪುಟ್ಟ ಮಾನಿಟರು ಬಂತು,
ಅದರಲ್ಲಿ ನಾನೊಬ್ಬಳೇ.
ಎರಡನೆಯ ಹಾಡಿನ ನಡುವೆ ನನ್ನತ್ತ ಹುಬ್ಬು ಹಾರಿಸಿದ,
ಅಷ್ಟೇ.

ಹನ್ನೆರಡೂವರೆಗೆ ಕಾರಿನ ಬಳಿ
ಆರ್ವೋ ಗಾಜಿನ ಮಂಜು ಹೆರೆಯುತ್ತಿದ್ದ.
ದೂರ ಸರೋವರದಲ್ಲಿ ಹಿಮ ಬಿರಿದು ಗುಡುಗಿತು.
"ಬ್ಯಾಟರಿ ಹಿಡೀತಾ?" ಎಂದೆ ಬಲಗಡೆಯಿಂದ.
ಅವನು ಹೆರೆಯುತ್ತಲೇ ಇದ್ದ.
ಕೂಗಲು ಎಳೆದ ಉಸಿರನ್ನು ಹಾಗೇ ಬಿಟ್ಟು
ಕಾರು ಬಳಸಿಕೊಂಡು ಆ ಕಡೆ ಹೋಗಿ
ಅದೇ ದನಿಯಲ್ಲಿ ಕೇಳಿದೆ.