ಕೂರುವ ಮರ

ಎರಡು ಹಲಗೆ, ನಾಲ್ಕು ಕಾಲು, ಹದಿನಾರು ಸ್ಕ್ರೂ.
ಇಷ್ಟಕ್ಕೆ ಬಡಗಿ ಯಾಕೆ ಎಂದು
ನುರ್ಮೆಸ್‌ನಿಂದ ಯೊಎನ್ಸೂಗೆ ಬಸ್ಸು ಓಡಿಸುವ ನಾನು
ಶುಕ್ರವಾರ ಸಂಜೆ ಗರಗಸ ಕೊಂಡೆ.

ಪೈನ್ ಅಗ್ಗ. ಪೈನ್ ಚೆಲುವೆ ಕೂಡ.
ಜೇನುಬಣ್ಣದ ಮೈ, ಅಲ್ಲಲ್ಲಿ ಗಂಟು,
ಕಂದು ಕಣ್ಣು ಬಿಟ್ಟು ನನ್ನತ್ತಲೇ ನೋಡುವ ಗಂಟು.
ಮೇಲೆ ಎರಡು ಸಲ ವಾರ್ನಿಷ್ ಬಳಿದೆ.
ಡಬ್ಬಿಯ ಬೆಲೆ ಹಲಗೆಗಿಂತ ಹೆಚ್ಚು,
ಮೂಗಿಗಿಂತ ಮೂಗುತಿ ಭಾರ;
ಆದರೂ ಆ ಹೊಳಪಿನಲ್ಲಿ ನನ್ನ ಮುಖಕ್ಕೆ
ಹತ್ತು ವರ್ಷ ಕಡಿಮೆಯಾಗಿತ್ತು.

ಶನಿವಾರ ಸೌನಾ ಕಾಯಿಸಿ ಪಕ್ಕದ ಮನೆಯ ತೌನೋನನ್ನು ಕರೆದೆ.
ಕಲ್ಲಿಗೆ ನೀರು ಸುರಿದೆವು. ಹಬೆ ಎದ್ದಿತು.
ಮೊದಲು ವಾರ್ನಿಷ್ ನಾರಿತು,
ಆಮೇಲೆ ಬೊಬ್ಬೆ ಬೊಬ್ಬೆಯಾಗಿ ಉಬ್ಬಿತು,
ಆಮೇಲೆ ಗಂಟಿನೊಳಗಿಂದ ರಾಳ,
ಯಾರೂ ಕರೆಯದೆ, ಕುದಿಕುದಿಯುತ್ತಾ,
ತೌನೋನ ಎಡತೊಡೆಗೆ ಮುತ್ತಿಟ್ಟಿತು.
ಅವನು ಕೂಗಿದ್ದು ಕವಿತೆಯಲ್ಲಿ ಬರೆಯುವ ಮಾತಲ್ಲ.
ಓಡಿಹೋಗಿ ಹಿಮದಲ್ಲಿ ಕೂತ.
ಕೂತ ಗುರುತು ಕಿಟಕಿಯಿಂದ ನೋಡಿ ನೋಡಿ
ಅವನ ಹೆಂಡತಿ ಸೋಮವಾರದವರೆಗೂ ನಕ್ಕಳು.

ರೈಲುಹಳಿಯ ಪಕ್ಕ ಹಿಲ್ಕಾಳ ಮರದಂಗಡಿ.
ಏನು ಮಾಡುತ್ತೀ ಎಂದು ಅವಳು ಕೇಳಲಿಲ್ಲ.
'ಕೂರೋರು ಬಟ್ಟೆ ಹಾಕಿಕೊಂಡೋ, ಇಲ್ಲದೆಯೋ?' ಎಂದಳು.
ಇಲ್ಲದೆ, ಎಂದೆ.
'ಹಾಗಾದರೆ ಓಕ್ ಹತ್ತಿರ ನಿಲ್ಲಬೇಡ. ಬರ್ಚ್ ಗಟ್ಟಿ,
ಅದು ಮೇಜಿಗೆ, ಅದೂ ನಿನ್ನ ಗರಗಸಕ್ಕೆ ಬುದ್ಧಿ ಬಂದ ಮೇಲೆ.
ಇಗೋ, ಆಸ್ಪೆನ್.'

ತಿಳಿಗಂಜಿಯ ಬಣ್ಣ. ಗಂಟಿಲ್ಲ, ವಾಸನೆಯಿಲ್ಲ,
ನೋಡಿದರೆ ಮರೆತೇಹೋಗುವಂಥ ಮೈ.
ಸಿಟ್ಟು ಇಟ್ಟುಕೊಳ್ಳದವರ ಹಾಗೆ
ಬಿಸಿಯನ್ನೂ ಇಟ್ಟುಕೊಳ್ಳುವುದಿಲ್ಲವಂತೆ.
'ಅಂಚಿಗೆ ಕಣ್ಣಿಟ್ಟು ಉದ್ದಕ್ಕೂ ನೋಡು, ಡೊಂಕಿದೆಯಾ?'
ಅದೊಂದು ನನಗೆ ಬರುತ್ತಿತ್ತು.
ಇಪ್ಪತ್ತೊಂದು ವರ್ಷ ಒಂದೇ ರಸ್ತೆಯನ್ನು ಹಾಗೇ ನೋಡಿದ್ದೇನೆ.
ಏಳು ಹಲಗೆ ಬದಿಗಿಟ್ಟೆ. ಎಂಟನೆಯದು ನೇರ.
ಅವಳು ಆಗ ಮೊದಲ ಸಲ ನನ್ನ ಮುಖ ನೋಡಿದಳು.

'ಸ್ಕ್ರೂ ಕೆಳಗಿನಿಂದ ಹಾಕು, ಕಬ್ಬಿಣಕ್ಕೆ ನೆನಪು ಜಾಸ್ತಿ.
ಉಜ್ಜುಕಾಗದ ಮೊದಲು ಒರಟು, ಆಮೇಲೆ ನಯ,
ಎಳೆ ಹೋದ ಕಡೆಗೇ, ಬೆಕ್ಕು ಸವರಿದ ಹಾಗೆ.'
ಮೇಲೆ ಏನು ಹಚ್ಚಲಿ?
'ಏನೂ ಬೇಡ.'
ಏನೂ?
'ಕೈ ಸುಮ್ಮನಿರದಿದ್ದರೆ ಒಂದು ಚಮಚ ಪ್ಯಾರಾಫಿನ್ ಎಣ್ಣೆ.'

ಆ ಪೈನ್ ಬೆಂಚಿನ ಗತಿ ಕೇಳಿದೆ.
'ಅದರ ತಪ್ಪೇನು? ಕೆರೆದು ಹೊರಗೆ ಹಾಕು.
ಅಗಸೆ ಎಣ್ಣೆ, ಅದರದೇ ಜಾತಿಯ ಬೇರು ಸುಟ್ಟು ತೆಗೆದ ಟಾರು,
ತೆಳ್ಳಗೆ, ಮೂರು ಸಲ, ನಡುವೆ ಒಂದೊಂದು ವಾರ.
ಒರೆಸಿದ ಬಟ್ಟೆ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ.
ರಾತ್ರಿ ತಾನಾಗೇ ಹೊತ್ತಿಕೊಳ್ಳುತ್ತೆ.
ಬಿಚ್ಚಿ, ಹೊರಗೆ, ಒಂದೊಂದೇ ಹರವು.'
ಇದನ್ನು ಹೇಳುವಾಗ ಅವಳು
ಕಿಟಕಿಯಾಚೆಯ ಹೊಸ ಶೆಡ್ಡಿನ ಕಡೆ ನೋಡಿದಳು.
ಹಳೆಯದರ ಬಗ್ಗೆ ನಾನು ಕೇಳಲಿಲ್ಲ.

ಮೇ ತಿಂಗಳು. ಕೆರೆಯ ಮಂಜುಗಡ್ಡೆ ಒಡೆದು ಹೋಗಿದೆ.
ಹಗ್ಗದ ಮೇಲೆ ನನ್ನ ಹಳೆ ಅಂಗಿಯ ಆರು ತುಂಡು
ಎಣ್ಣೆ ಕುಡಿದು ಗಾಳಿಗೆ ಬಿರುಸಾಗುತ್ತಿವೆ.
ದಡದಲ್ಲಿ ಪೈನ್, ಕರ್ರಗೆ, ಹೊಗೆಯ ಘಮದಲ್ಲಿ;
ಸೌನಾದೊಳಗೆ ಆಸ್ಪೆನ್, ಬರಿಮೈಯಲ್ಲಿ.
ಒಂದು ಕಾಲು ತುಸು ಗಿಡ್ಡ. ಅಡಿಯಲ್ಲಿ
ಮಡಚಿದ ಬಸ್ ಟಿಕೆಟ್ಟು.

ತೌನೋ ಬರುತ್ತಾನೆ.
ಇಲ್ಲಿ ಕೂತರೂ ಅಲ್ಲಿ ಕೂತರೂ ಎರಡು ಮಡಿಕೆ ಟವೆಲ್ ಹಾಸುತ್ತಾನೆ,
ಹಾಸುವ ಮೊದಲು ಅಂಗೈಯಿಂದ ಒಮ್ಮೆ ಮರ ತಟ್ಟುತ್ತಾನೆ,
ಹೊಸ ನಾಯಿಯನ್ನು ಮುಟ್ಟುವವನ ಹಾಗೆ.