ಪಾದದ ಅಳತೆ

ಹಂಪನಕಟ್ಟೆಯ ಚಪ್ಪಲಿ ಅಂಗಡಿಯಲ್ಲಿ
ಹನ್ನೊಂದು ವರ್ಷ ಗಿಡ್ಡ ಸ್ಟೂಲಿನ ಮೇಲೆ ಕೂತು
ಊರಿನ ಕಾಲು ನೋಡಿದವನು ನಾನು.
ಮುಖ ಮರೆತರೂ ಹಿಮ್ಮಡಿ ನೆನಪಿರುತ್ತದೆ.

ಹಾಗಾಗಿ ಕದ್ರಿ ಬಂಗಲೆಯ ಡ್ರೈವರ್ ತುಕ್ರಪ್ಪಣ್ಣ
ರಟ್ಟಿನ ಡಬ್ಬಿ ಕೌಂಟರಿನ ಮೇಲಿಟ್ಟು
“ಏಳರಲ್ಲಿ ಆರು ಹೋದವು, ಉಳಿದದ್ದು ಇದೊಂದು,
ತಾಯಿ ಗ್ರೇಟ್ ಡೇನ್, ತಂದೆ ಮಲ್ಲಿಕಟ್ಟೆಯ
ಮೀನಂಗಡಿ ಹಿಂದಿನ ಯಾರೋ” ಎಂದಾಗ
ನಾನು ನೋಡಿದ್ದು ಕಾಲನ್ನೇ.

ಬೆಳೆಯುವ ಮಕ್ಕಳಿಗೆ ತಾಯಂದಿರು
ಒಂದು ಸೈಜು ದೊಡ್ಡದೇ ಕೇಳುತ್ತಾರೆ,
ಜೂನಿನ ಶೂ ಮಾರ್ಚಿನವರೆಗೆ ಬರಬೇಕಲ್ಲ.
ಇದಕ್ಕೆ ಯಾರೋ ನಾಲ್ಕು ಸೈಜು ದೊಡ್ಡದು
ತೊಡಿಸಿ ಕಳಿಸಿದ್ದರು.
ನಡೆದರೆ ಪಾದ ಮೊದಲು ತಲುಪುತ್ತಿತ್ತು,
ನಾಯಿ ಆಮೇಲೆ.

ನನ್ನದು ಬೋಳಾರದಲ್ಲಿ ಮಾಳಿಗೆಯ ಒಂದೇ ಕೋಣೆ.
ಕೆಳಗೆ ಓನರ್ ಲಿಗೋರಿ ಮಾಮ್;
ಮಾತಾಡುವುದಿಲ್ಲ, ಮೆಟ್ಟಿಲ ಸದ್ದು ಎಣಿಸುತ್ತಾರೆ.
ಎರಡು ವಾರ, ಎಂದಿದ್ದೆ. ಐದಾಯಿತು.
ಆರನೆಯದರಲ್ಲಿ ಒಂದು ಬೆಳಿಗ್ಗೆ
ಮಂಚದಡಿ ಮಲಗಿದ್ದು ಎದ್ದು ನಿಂತಿತು,
ಮಂಚವೂ ಎದ್ದಿತು, ನಾನೂ.

ಸುರತ್ಕಲ್ಲಿನ ಕಂಟ್ರಾಕ್ಟರ್ ಬಂದರು, ಚೂಪು ಬೂಟು.
“ಕ್ರಾಸಾದರೂ ತೊಂದರೆ ಇಲ್ಲ, ಗಾತ್ರ ಮುಖ್ಯ.”
ನಾಯಿ ನೋಡುವ ಮೊದಲೇ
ಸರಪಳಿ ಕಾರಿನ ಡಿಕ್ಕಿಯಲ್ಲಿತ್ತು.
ಕೊಡುವುದಿಲ್ಲ ಎಂದೆ.
“ಬೀದಿನಾಯಿಗೆ ಎಂತ ಇಂಟರ್‌ವ್ಯೂ ಮಾರಾಯ?”
ಉತ್ತರ ನನಗೆ ರಾತ್ರಿ ಹೊಳೆಯಿತು. ತಡವಾಗಿತ್ತು.

ಬಿಜೈಯ ಪಾಯ್ಸ್ ದಂಪತಿ ಒಳ್ಳೆಯವರು,
ಅಂಗಳ, ಫ್ಯಾನು, ವಾರಕ್ಕೆರಡು ಸಲ ಸೂಪಿನ ಎಲುಬು.
ಆಕೆ ನೆಲಕ್ಕೆ ಕೂತು ಕಿವಿ ಸವರಿದರು.
ಬೆಲ್ಟು ಕೈಗಿಡಬೇಕು, ಅಷ್ಟರಲ್ಲಿ ಕೇಳಿದರು,
“ಇಷ್ಟೇ ಇರುವ ಹಾಗೆ ಏನಾದರೂ ಔಷಧ ಉಂಟಾ?”
ತಮಾಷೆ ಇರಬಹುದು. ಇರಲಿಕ್ಕಿಲ್ಲ.

ದೇರಳಕಟ್ಟೆಯ ಹುಡುಗರು ಫೋಟೋ ತೆಗೆದುಕೊಂಡು ಹೋದರು.

ಭಾನುವಾರ, ಓಡಿಕೊಳ್ಳಲಿ ಎಂದು
ಬಂದರಿನಿಂದ ತೋಟ ಬೆಂಗ್ರೆಯ ದೋಣಿ ಹತ್ತಿದೆ.
ದೋಣಿಯವ ಅದಕ್ಕೂ ಟಿಕೆಟು ಕೇಳಿದ,
“ಆಳಾಗುವವನಲ್ವಾ.”

ಮರಳು ಕಂಡದ್ದೇ ಪಾದಕ್ಕೆ ಹುಚ್ಚು ಹಿಡಿಯಿತು.
ಹಗ್ಗ ನನ್ನ ಕೈ ಸುಟ್ಟು ಹೋಯಿತು.
ಶೆಡ್ಡಿನಡಿ ಒಬ್ಬಾಕೆ ಬಲೆ ರಿಪೇರಿ ಮಾಡುತ್ತಿದ್ದಳು,
ಸುಗುಣ ಸಾಲಿಯಾನ್, ಹೆಸರು ಆಮೇಲೆ ತಿಳಿದದ್ದು.
ಅವಳ ಎರಡು ದಿನದ ಕೆಲಸದ ನಟ್ಟನಡುವೆ
ನಾಲ್ಕು ಕಾಲೂ ಸಿಕ್ಕಿಸಿಕೊಂಡು ಬಿತ್ತು.
ಎಳೆದಷ್ಟೂ ಬಿಗಿ.
ಕೂಗಿಗೆ ತೆಂಗಿನ ಮೇಲಿನ ಕಾಗೆಗಳೆಲ್ಲ ಎದ್ದವು.
ನಾನು ಗಂಟಿನಲ್ಲಿ ತಡಕಾಡುತ್ತಿದ್ದೆ,
ಅವಳು ಚೂರಿ ತೆಗೆದಳು.

ಕತ್ತರಿಸಿದ್ದು ಬಲೆಯನ್ನು.

“ಬಲೆಯಾದರೆ ಹೊಲಿಯಲಿಕ್ಕೆ ಗೊತ್ತುಂಟು.
ಕಾಲು ಹೊಲಿಯಲಿಕ್ಕೆ ನನಗೆ ಬರುವುದಿಲ್ಲ.”
ಅಷ್ಟು ಹೇಳಿ ಮತ್ತೆ ನೂಲು ಸುತ್ತಿದಳು.

ಅವಳ ಕಾಲು ನೋಡಿದೆ, ಅಭ್ಯಾಸ.
ಬರಿಗಾಲು, ಒಡೆದ ಹಿಮ್ಮಡಿ, ಬಿರುಕಿನಲ್ಲಿ ಉಪ್ಪು,
ನಮ್ಮಂಗಡಿಯ ಯಾವ ಡಬ್ಬಿಯಲ್ಲೂ ಇಲ್ಲದ ಅಗಲ.
ಆ ಪಾದದ ಮೇಲೆ ತನ್ನದನ್ನಿಟ್ಟು
ನಾಯಿ ಮಲಗಿಬಿಟ್ಟಿತ್ತು.

ಬಾಯಿಪಾಠ ಮಾಡಿದ್ದ ಪ್ರಶ್ನೆಗಳನ್ನು ಕೇಳಿದೆ,
ಜಾಗ, ಊಟ, ಇಂಜೆಕ್ಷನ್.
ಅವಳು ಕೇಳಿದ್ದು ಒಂದೇ.
“ಗುಡುಗಿಗೆ ಹೆದರ್ತದಾ?”
ಹೌದು ಎಂದೆ.
“ನಾನೂ.”

ಅಂಜಲ್ ಆಗಲಿರುವವನಿಗೆ ಅವಳಿಟ್ಟ ಹೆಸರು ಬೂತಾಯಿ.
ವಾಪಸು ದೋಣಿಯಲ್ಲಿ ಒಂದೇ ಟಿಕೆಟು.
ರಾತ್ರಿ ಬಾಗಿಲ ಬಳಿ ಲಿಗೋರಿ ಮಾಮ್,
“ಮೆಟ್ಟಿಲು ಇವತ್ತು ಎರಡೇ ಕಾಲಿನದ್ದು” ಎಂದರು.
ಮತ್ತೇನೋ ಹೇಳಲಿಕ್ಕಿತ್ತು, ಒಳಗೆ ಹೋದರು.

ಮಳೆ ಮುಗಿದ ಮೇಲೆ ಸುಗುಣ ಅಂಗಡಿಗೆ ಬಂದಳು,
ಪ್ಲಾಸ್ಟಿಕ್ ಕವರಿನಲ್ಲಿ ಅಳಿಯನ ಒಂಟಿ ಚಪ್ಪಲಿ.
“ಎಡದ್ದು ತಿಂದಿದ್ದಾನೆ. ಎಡದ್ದು ಮಾತ್ರ ಕೊಡು.”
ಒಂಟಿ ಮಾರುವುದಿಲ್ಲ ಅಕ್ಕ, ಎಂದೆ.
ತಿಂದುಳಿದದ್ದನ್ನೂ ತೆಗೆದಿಟ್ಟಳು, ಸಾಕ್ಷಿಗೆ.

ಹಲ್ಲಿನ ಎರಡು ತೂತುಗಳ ನಡುವೆ
ನನ್ನ ಮೂರು ಬೆರಳು ಹಿಡಿದವು.
ಮಾಲೀಕರು ನೋಡುತ್ತಿದ್ದರು.
ಅಳತೆ ತೆಗೆಯುವವನ ಹಾಗೆ
ಇನ್ನೂ ಸ್ವಲ್ಪ ಹೊತ್ತು
ಬೆರಳನ್ನು ಅಲ್ಲೇ ಇಟ್ಟುಕೊಂಡೆ.